ಚಾರಣದ ಕೊನೆಗೆ ಮದ್ಯದ ಲೋಟವೇಕೆ?

ಚಳಿಗಾಲವು ಬೆಟ್ಟ ಹತ್ತುವವರ ಕಾಲ. ಮಳೆ ನಿಂತು ಮಲೆನಾಡಿನ ಹಾದಿಗಳು ಒಣಗಿರುತ್ತವೆ, ಜಿಗಣೆಗಳ ಕಾಟ ತಗ್ಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳ ರಜೆಯಲ್ಲಿ ಯುವಕರು ತಂಡ ಕಟ್ಟಿಕೊಂಡು ಚಾರಣಕ್ಕೆ ಹೊರಡುವುದು ಇಂದು ಸಾಮಾನ್ಯ ಸಂಗತಿ. ದಿನವಿಡೀ ಮೊಬೈಲ್ ಪರದೆಗೆ ಕಣ್ಣು ನೆಟ್ಟು ಕೂರುವ ತಲೆಮಾರೊಂದು ಬೆಳಗಿನ ಜಾವ ಎದ್ದು ನಾಲ್ಕಾರು ಮೈಲಿ ನಡೆಯುತ್ತದೆಂದರೆ ಅದನ್ನು ಸಂತೋಷದಿಂದಲೇ ಸ್ವಾಗತಿಸಬೇಕು. ಆದರೆ ಈ ಒಳ್ಳೆಯ ಹವ್ಯಾಸಕ್ಕೆ ಇತ್ತೀಚಿನ ವರ್ಷಗಳಲ್ಲಿ ಒಂದು ಬಾಲ ಅಂಟಿಕೊಂಡಿದೆ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಬ್ರೂ ಪಬ್. ದಣಿದ ದೇಹಕ್ಕೆ ಬಿಯರ್ ಒಂದು ಬಹುಮಾನ ಎಂಬಂತೆ ಇವೆರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಕೊಡಲಾಗುತ್ತಿದೆ.

ಯುರೋಪು, ಅಮೆರಿಕಗಳಲ್ಲಿ ಈ ಜೋಡಣೆ ಹಳೆಯದು. ನಮ್ಮಲ್ಲಿ ಇದು ಹೊಸದು. ಮದ್ಯದಂಗಡಿಯ ಆವರಣದಲ್ಲೇ ಬಾರ್ಲಿಯನ್ನು ಹುದುಗಿಸಿ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಬ್ರೂ ಪಬ್‌ಗಳು ಬೆಂಗಳೂರಿನಲ್ಲಿ ಬೇರೂರಿದ್ದು 2010ರ ನಂತರ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ವಾಸಿಸುವ ನಮಗೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಬ್ರೂ ಪಬ್ ನಮ್ಮ ಊರಿಗೆ ಬರಬೇಕಾಗಿಲ್ಲ, ನಮ್ಮ ಮಕ್ಕಳೇ ಅದಿರುವ ಊರಿಗೆ ಹೋಗಿದ್ದಾರೆ. ಎಂಜಿನಿಯರಿಂಗ್ ಓದಿ ಬೆಂಗಳೂರು, ಪುಣೆ ಸೇರಿದ ಮಗ, ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ತಮ್ಮ, ಕಂಪೆನಿಯವರು ಏರ್ಪಡಿಸುವ ವಾರಾಂತ್ಯದ ವಿಹಾರಕ್ಕೆ ಹೋಗಲೇಬೇಕಾದ ಅಳಿಯ, ಇವರೆಲ್ಲ ನಮ್ಮ ಮನೆಗಳವರೇ. ಅವರು ರಜೆಗೆ ಊರಿಗೆ ಬರುವಾಗ ಆ ಅಭ್ಯಾಸದ ಗಾಳಿಯೂ ಅವರೊಂದಿಗೆ ಬರುತ್ತದೆ. ಬ್ರೂ ಪಬ್ ಇಲ್ಲದ ಕಡೆ ಹೆದ್ದಾರಿಯ ಡಾಬಾ ಅದರ ಸ್ಥಾನವನ್ನು ತುಂಬುತ್ತದೆ.

ಮೊದಲು ಸರಕಾರದ ನಡೆಯನ್ನು ನೋಡೋಣ. ಹಿಂದೆ ಬೊಂಬಾಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಈ ತಾಲೂಕುಗಳು 1949ರ ಬೊಂಬಾಯಿ ಪಾನನಿರೋಧ ಕಾಯಿದೆಯ ವ್ಯಾಪ್ತಿಯಲ್ಲಿದ್ದವು. ಸಂವಿಧಾನದ 47ನೇ ವಿಧಿಯು ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸುವುದು ಪ್ರಭುತ್ವದ ಕರ್ತವ್ಯವೆಂದು ಇಂದಿಗೂ ಹೇಳುತ್ತದೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದಾಗ ಬಡ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಆದರೆ ಕೂಲಿಕಾರನ ಸಾರಾಯಿ ಪೊಟ್ಟಣವನ್ನು ಕಸಿದುಕೊಂಡ ವ್ಯವಸ್ಥೆಯೇ ಕೆಲವೇ ವರ್ಷಗಳಲ್ಲಿ ಶ್ರೀಮಂತನ ಬ್ರೂ ಪಬ್‌ಗೆ ಬಾಗಿಲು ತೆರೆಯಿತು. ಕೂಲಿಕಾರನ ಕುಡಿತವೂ ನಿಲ್ಲಲಿಲ್ಲ; ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಸರಕಾರದ್ದೇ ಆದ ಎಂ.ಎಸ್.ಐ.ಎಲ್. ಸಂಸ್ಥೆ ಮದ್ಯದ ಮಳಿಗೆಗಳನ್ನು ನಡೆಸುತ್ತಿದೆ. 2025-26ರ ಬಜೆಟ್‌ನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ! ಕುಡಿಯುವವರು ಹೆಚ್ಚಿದರೆ ಮಾತ್ರ ತುಂಬುವ ಬೊಕ್ಕಸದಿಂದ ಕುಡಿತ ತಗ್ಗಿಸುವ ಆಸಕ್ತಿಯನ್ನು ನಿರೀಕ್ಷಿಸುವುದಾದರೂ ಹೇಗೆ?

ಆದರೂ ಜನರ ಧ್ವನಿಗೆ ಬೆಲೆ ಇಲ್ಲದಿಲ್ಲ. ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾವವನ್ನು ರಾಜ್ಯ ಸರಕಾರವು 2023ರ ಜನವರಿಯಲ್ಲಿ ಮುಂದಿಟ್ಟಾಗ ವ್ಯಾಪಕ ವಿರೋಧ ವ್ಯಕ್ತವಾಯಿತು. ಸರಕಾರ ಅದನ್ನು ಕೈಬಿಟ್ಟಿತು. ಇದು ಯಾವುದೇ ಒಂದು ಧರ್ಮದವರ ಗೆಲುವಲ್ಲ, ಮಕ್ಕಳನ್ನು ಹೆತ್ತ ಎಲ್ಲರ ಗೆಲುವು.

ಬಿಯರ್ ಎಂದರೆ ಮದ್ಯವೇ ಅಲ್ಲ, ಬಾರ್ಲಿಯ ರಸ ಎಂದು ವಾದಿಸುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಶೇಕಡಾ 5ರಷ್ಟು ಆಲ್ಕೋಹಾಲ್ ಇರುವ 650 ಮಿಲಿಲೀಟರಿನ ಒಂದು ಬಾಟಲಿ ಬಿಯರ್‌ನಲ್ಲಿ 32.5 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇಕಡಾ 42.8ರ ವಿಸ್ಕಿಯ 30 ಮಿಲಿಲೀಟರ್ ಪೆಗ್ ಒಂದರಲ್ಲಿ ಇರುವುದು ಸುಮಾರು 13 ಮಿಲಿಲೀಟರ್. ಅಂದರೆ ಒಂದು ಬಾಟಲಿ ಬಿಯರ್ ಎರಡೂವರೆ ಪೆಗ್ ವಿಸ್ಕಿಗೆ ಸಮ. ಶೇಕಡಾ 8ರ ಬಿಯರ್ ಆದರೆ ನಾಲ್ಕು ಪೆಗ್. ಹೆಸರು ಬದಲಾದ ಮಾತ್ರಕ್ಕೆ ವಿಷದ ಗುಣ ಬದಲಾಗದು.

ಈ ಪ್ರಶ್ನೆಯೂ ಹೊಸದೇನಲ್ಲ. ಪ್ರವಾದಿ ಮುಹಮ್ಮದ್(ಸ) ಅವರು ಅಬೂ ಮೂಸಾ ಅಲ್ ಅಶ್‌ಅರಿ(ರ) ಅವರನ್ನು ಯಮನ್‌ಗೆ ಕಳುಹಿಸಿದಾಗ, ಅಲ್ಲಿನ ಜನರು ಜೇನು ಮತ್ತು ಬಾರ್ಲಿಯಿಂದ ತಯಾರಿಸುತ್ತಿದ್ದ ಪಾನೀಯಗಳ ಬಗ್ಗೆ ವಿಚಾರಿಸಲಾಯಿತು. ಅಮಲು ತರುವ ಪ್ರತಿಯೊಂದೂ ನಿಷಿದ್ಧ ಎಂಬುದೇ ಪ್ರವಾದಿಯವರ ಉತ್ತರವಾಗಿತ್ತು. ಹದಿನಾಲ್ಕು ಶತಮಾನಗಳ ಹಿಂದೆ ಕೇಳಿದ ಆ ಬಾರ್ಲಿಯ ಪಾನೀಯವೇ ಇಂದು ಬ್ರೂ ಪಬ್‌ನ ತಾಮ್ರದ ಹಂಡೆಯಲ್ಲಿ ಹುದುಗುತ್ತಿರುವುದು. ಪವಿತ್ರ ಕುರ್‌ಆನ್ ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಅಲ್ಲಗಳೆಯಲಿಲ್ಲ, ಅದರ ಕೆಡುಕು ಪ್ರಯೋಜನಕ್ಕಿಂತ ದೊಡ್ಡದು ಎಂದು ತೂಗಿ ಹೇಳಿತು. ಇಂದಿನ ವೈದ್ಯವಿಜ್ಞಾನವೂ ಅದೇ ತಕ್ಕಡಿಯನ್ನು ಹಿಡಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ ಎಂದು ಅದೇ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 26 ಲಕ್ಷ ಸಾವುಗಳಿಗೆ ಮದ್ಯವು ಕಾರಣವಾಯಿತೆಂಬುದು ಅದರ ಅಂದಾಜು.

ಚಳಿಗೆ ಮದ್ಯ ಬೇಕು ಎಂಬುದು ಇನ್ನೊಂದು ಸಮರ್ಥನೆ. ವಾಸ್ತವ ಇದಕ್ಕೆ ತದ್ವಿರುದ್ಧ. ಮದ್ಯವು ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿ ರಕ್ತ ಚರ್ಮಕ್ಕೆ ಹರಿದಾಗ ಮೈ ಬೆಚ್ಚಗಾದಂತೆ ಭಾಸವಾಗುತ್ತದೆ, ಆದರೆ ಅದೇ ಹೊತ್ತಿನಲ್ಲಿ ದೇಹದ ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ನಡುಗಿ ಶಾಖ ಹುಟ್ಟಿಸಿಕೊಳ್ಳುವ ದೇಹದ ಸಹಜ ಶಕ್ತಿಯೂ ಕುಂದುತ್ತದೆ. ಬೆವರು ಸುರಿಸಿ ಬೆಟ್ಟ ಇಳಿದವನಿಗೆ ಬೇಕಾದುದು ನೀರು. ಮದ್ಯ ಮೂತ್ರವನ್ನು ಹೆಚ್ಚಿಸಿ ಇರುವ ನೀರನ್ನೂ ಹೊರದಬ್ಬುತ್ತದೆ. ದಣಿದ ಸ್ನಾಯು ಚೇತರಿಸಿಕೊಳ್ಳಲು ಬೇಕಾದ ಗಾಢ ನಿದ್ರೆಯನ್ನೂ ಕೆಡಿಸುತ್ತದೆ. ಹೀಗಿರುವಾಗ ಇದು ಬಹುಮಾನವೋ, ಬೆಳಗಿನ ಶ್ರಮಕ್ಕೆ ವಿಧಿಸಿದ ದಂಡವೋ?

ವಿಹಾರ ಅಲ್ಲಿಗೇ ಮುಗಿಯುವುದಿಲ್ಲ. ಕುಡಿದವರು ಮನೆಗೆ ಮರಳಬೇಕು, ಮರಳಲು ಯಾರಾದರೊಬ್ಬರು ವಾಹನ ಓಡಿಸಬೇಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಮೋಟಾರು ವಾಹನ ಕಾಯಿದೆಯ ಪ್ರಕಾರ ಅದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ. ಹೆದ್ದಾರಿಗಳಿಂದ 500 ಮೀಟರ್ ದೂರದೊಳಗೆ ಮದ್ಯದಂಗಡಿ ಇರಕೂಡದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಮರು ವರ್ಷವೇ ಅದು ಸಡಿಲಗೊಂಡಿತು, ನಗರಸಭೆ ಪುರಸಭೆಗಳ ವ್ಯಾಪ್ತಿಗೆ ವಿನಾಯಿತಿ ದೊರೆಯಿತು. ಶಿಗ್ಗಾಂವಿಯನ್ನು ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಅಂಚಿನಲ್ಲಿ ಬದುಕುವ ನಮಗೆ ರಸ್ತೆಯ ಕ್ರೌರ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹೊರಟಿದ್ದ ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರದ ಬಳಿ ಉರುಳಿ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರು ಹಲಾಲಾದ ಅನ್ನಕ್ಕಾಗಿ ಹೊರಟ ದುಡಿಮೆಗಾರರು, ಅಲ್ಲಿ ಮದ್ಯದ ಮಾತೇ ಇರಲಿಲ್ಲ. ದುಡಿಮೆಯ ದಾರಿಯಲ್ಲೇ ಸಾವು ಹೀಗೆ ಹೊಂಚು ಹಾಕುವಾಗ, ಮೋಜಿಗಾಗಿ ಅದನ್ನು ಕೈಹಿಡಿದು ಕರೆತರಬೇಕೇ ಎಂಬುದಷ್ಟೇ ನಮ್ಮ ಪ್ರಶ್ನೆ. ಅಂದು ಸವಣೂರಿನ ಓಣಿಗಳಲ್ಲಿ ಕೇಳಿದ ಅಳುವನ್ನು ನೆನೆದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಇನ್ನು ನಮ್ಮ ಯುವಕರು ಹೇಳುವ ಮಾತು: 'ನಾವು ಕುಡಿಯುವುದಿಲ್ಲ, ಸುಮ್ಮನೆ ಜೊತೆಗೆ ಕೂರುತ್ತೇವೆ.' ಇದನ್ನು ಸಿಟ್ಟಿನಿಂದ ತಳ್ಳಿಹಾಕುವುದು ಸರಿಯಲ್ಲ. ಕಚೇರಿಯ ವಿಹಾರದಿಂದ ದೂರ ಉಳಿದರೆ ಬೆರೆಯದವನೆಂಬ ಹೆಸರು ಬರುತ್ತದೆ, ಬಡ್ತಿಗೆ ತೊಡಕಾದೀತೆಂಬ ಭಯವಿರುತ್ತದೆ. ಆದರೆ ಮದ್ಯ ಹಂಚಲಾಗುವ ಊಟದ ಮೇಜಿನಲ್ಲಿ ಕೂರದಿರುವಂತೆ ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಇದರಲ್ಲಿ ಮನುಷ್ಯ ಸ್ವಭಾವದ ಆಳವಾದ ಅರಿವಿದೆ. ಯಾವ ಕುಡುಕನೂ ಒಬ್ಬಂಟಿಯಾಗಿ ಕುಡಿಯಲು ಕಲಿತವನಲ್ಲ, ಗೆಳೆಯರ ನಡುವೆ ಕುಳಿತು ಕಲಿತವನು. ಬೆಟ್ಟಕ್ಕೆ ಎಲ್ಲರೊಂದಿಗೆ ಹೋಗಿ, ಹಾದಿಯ ಬುತ್ತಿಯನ್ನು ಎಲ್ಲರೊಂದಿಗೆ ಹಂಚಿಕೊಂಡು, ಬೆಟ್ಟ ಇಳಿದ ಮೇಲೆ ನಗುಮುಖದಿಂದ ಬೀಳ್ಕೊಂಡರೆ ಸ್ನೇಹಕ್ಕೆ ಧಕ್ಕೆ ಬರುವುದಿಲ್ಲ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸೀತು. ಎರಡನೆಯ ಸಲ ಗೆಳೆಯರೇ ಅದನ್ನು ಅರ್ಥ ಮಾಡಿಕೊಂಡಿರುತ್ತಾರೆ. ಕುಡಿಯದ ಸಹೋದ್ಯೋಗಿಗಳು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಒಬ್ಬ ಬಾಯಿ ಬಿಟ್ಟರೆ ಇನ್ನೂ ನಾಲ್ವರಿಗೆ ಧೈರ್ಯ ಬರುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನಮ್ಮ ಸಮುದಾಯವು ಯುವಕರಿಗೆ 'ಬೇಡ' ಎಂದಷ್ಟೇ ಹೇಳಿದೆ, 'ಇದು ಬೇಕು' ಎಂದು ತೋರಿಸಿದ್ದು ಕಡಿಮೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ದುಡಿದು ಬಂದ ಹುಡುಗನಿಗೆ ಸಂಜೆ ಹೋಗಲು ಯಾವ ಜಾಗವಿದೆ? ಹೋಟೆಲಿನ ಕಟ್ಟೆ, ಮೊಬೈಲು, ಮೋಟಾರ್‌ಸೈಕಲ್ಲು. ಹೆಣ್ಣುಮಕ್ಕಳಿಗಂತೂ ಅದೂ ಇಲ್ಲ, ಮದುವೆ ಮನೆಯೇ ಅವರ ವಿಹಾರ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು ಕರೆ ನೀಡಿದ ಗ್ರಂಥವನ್ನು ಎದೆಗೊತ್ತಿಕೊಂಡವರು ಸಂಚಾರವನ್ನು ಇತರರಿಗೆ ಬಿಟ್ಟುಕೊಟ್ಟದ್ದೇಕೆ?

ನೋಡಬೇಕಾದುದು ನಮ್ಮ ಕಾಲ ಬುಡದಲ್ಲೇ ಇದೆ. ಹಿರೇಕೆರೂರು ತಾಲೂಕಿನಲ್ಲಿ ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ಕಟ್ಟಿದ ಮದಗ ಮಾಸೂರು ಕೆರೆ ಇದೆ. ಬಂಕಾಪುರದ ಹಳೆಯ ಕೋಟೆಯೊಳಗೆ ನಗರೇಶ್ವರ ದೇಗುಲದ ಕಂಬಗಳ ಸಾಲಿದೆ, ಬೆಳಗಿನ ಹೊತ್ತು ನವಿಲುಗಳ ಹಿಂಡಿದೆ. ಹಾನಗಲ್ಲಿನ ತಾರಕೇಶ್ವರ ದೇಗುಲದ ಛಾವಣಿಯಲ್ಲಿ ಕಲ್ಲೇ ತಾವರೆಯಾಗಿ ಅರಳಿದೆ. ಸವಣೂರಿನಲ್ಲಿ ಆಫ್ರಿಕಾ ಮೂಲದ ದೊಡ್ಡ ಹುಣಸೆ ಮರಗಳು ಶತಮಾನಗಳಿಂದ ಈ ಮಣ್ಣಿನವೇ ಆಗಿ ಬೆಳೆದಿವೆ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಊರು, ಶಿಶುನಾಳ ಷರೀಫರ ಊರು. ಮುಸ್ಲಿಮ್ ಮನೆಯಲ್ಲಿ ಹುಟ್ಟಿ ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾದ ಷರೀಫರ ನೆಲವನ್ನು ನಮ್ಮ ಮಕ್ಕಳು ನಡೆದು ನೋಡಿದರೆ, ನೆರೆಹೊರೆಯೊಂದಿಗಿನ ಬಾಳುವೆಯ ಪಾಠವನ್ನು ಭಾಷಣವಿಲ್ಲದೆ ಕಲಿಯುತ್ತಾರೆ.

ಪ್ರತಿಯೊಂದು ಜಮಾಅತ್ ಚಳಿಗಾಲದಲ್ಲಿ ತಿಂಗಳಿಗೊಂದು ಭಾನುವಾರ ಇಂತಹ ನಡಿಗೆಯೊಂದನ್ನು ಏರ್ಪಡಿಸಲಿ. ಫಜ್ರ್ ನಮಾಝಿನ ಬಳಿಕ ಹೊರಟು ಝುಹ್ರ್ ಹೊತ್ತಿಗೆ ಮರಳಬಹುದು. ತಾಯಂದಿರು, ಹೆಣ್ಣುಮಕ್ಕಳೂ ಜೊತೆಗಿರಲಿ, ನೆರೆಯ ಹಿಂದೂ ಕುಟುಂಬಗಳನ್ನೂ ಕರೆಯಲಿ. ರೊಟ್ಟಿ, ಶೇಂಗಾ ಚಟ್ನಿ, ಸವಣೂರಿನ ಖಾರ, ಬಿಸಿ ಚಹಾ ಇದ್ದರೆ ಬೇರೆ ಬಹುಮಾನ ಬೇಕೇ? ದೂರದ ಬೆಟ್ಟಗಳಿಗೆ ಹೋಗುವವರು ಅರಣ್ಯ ಇಲಾಖೆಯ ನಿಯಮಗಳನ್ನು ಪಾಲಿಸಲಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಬಳಿಕ ಸರಕಾರ ಆನ್‌ಲೈನ್ ಬುಕ್ಕಿಂಗ್ ವ್ಯವಸ್ಥೆಯನ್ನು ತಂದು ಚಾರಣಿಗರ ಸಂಖ್ಯೆಗೆ ಮಿತಿ ಹಾಕಿದೆ. ಕಾಡಿನಲ್ಲಿ ಒಡೆದು ಬಿದ್ದ ಬಾಟಲಿಯ ಚೂರು ಆನೆಯ ಪಾದವನ್ನೂ ಸೀಳಬಲ್ಲದು ಎಂಬ ಎಚ್ಚರ ಎಲ್ಲರಿಗೂ ಇರಲಿ.

ಈಗಾಗಲೇ ಕುಡಿತಕ್ಕೆ ಬಿದ್ದವರನ್ನು ಏನು ಮಾಡೋಣ? ಅವರು ನಮ್ಮ ಓಣಿಗಳಲ್ಲೂ ಇದ್ದಾರೆ. ಅವರನ್ನು ಮಸೀದಿಯ ಕಟ್ಟೆಯಿಂದ ದೂರವಿಟ್ಟರೆ ಹೆಂಡದಂಗಡಿಯ ಕಟ್ಟೆ ಹತ್ತಿರ ಕರೆಯುತ್ತದೆ. ಇಳಕಲ್ಲಿನ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಹಣ ಬೇಡದೆ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ನಮ್ಮ ಜಮಾಅತ್‌ಗಳ ಹಿರಿಯರೂ ಹೀಗೆ ಬಾಗಿಲು ತಟ್ಟಬಾರದೇಕೆ? ಕುಡಿತವು ಪಾಪವಷ್ಟೇ ಅಲ್ಲ, ಚಿಕಿತ್ಸೆ ಇರುವ ಕಾಯಿಲೆಯೂ ಹೌದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ವೈದ್ಯರಿದ್ದಾರೆ, 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಆ ಸಂಖ್ಯೆಯನ್ನು ಪ್ರತಿಯೊಂದು ಮಸೀದಿಯ ಸೂಚನಾ ಫಲಕದಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಬರೆದಿಡಲಿ.

ಈ ಚಳಿಗಾಲದಲ್ಲಿ ಮಗ ಚಾರಣಕ್ಕೆ ಹೊರಡುತ್ತೇನೆಂದರೆ ತಂದೆ ತಾಯಂದಿರು ಹುಬ್ಬು ಗಂಟಿಕ್ಕದಿರಲಿ. ಯಾರೊಂದಿಗೆ, ಎಲ್ಲಿಗೆ ಎಂದು ಪ್ರೀತಿಯಿಂದ ಕೇಳಲಿ, ಬುತ್ತಿ ಕಟ್ಟಿ ಕಳುಹಿಸಲಿ, ಸಾಧ್ಯವಾದರೆ ತಾವೂ ಜೊತೆಗೆ ಹೆಜ್ಜೆ ಹಾಕಲಿ. ಬೆಟ್ಟವನ್ನು ನಿಷೇಧಿಸಿದ ಮನೆಯಿಂದ ಮಗ ಕದ್ದು ಹೊರಡುತ್ತಾನೆ. ಬೆಟ್ಟವನ್ನು ಪ್ರೀತಿಸುವ ಮನೆಗೆ ಅವನು ಸಂಜೆಯೊಳಗೆ, ತಲೆ ನೆಟ್ಟಗಿರುವಾಗಲೇ, ಮರಳಿ ಬರುತ್ತಾನೆ.