ಹೋಟೆಲ್ ಅಡುಗೆಮನೆ ಮತ್ತು ‘ಸ್ಟ್ರಾಂಗ್’ ಕೆಮಿಕಲ್

ಹೋಟೆಲಿನ ಅಡುಗೆಮನೆಯಲ್ಲಿ ಕೂಡುವ ಕೊಳೆ ಒಂದೇ ಬಗೆಯದಲ್ಲ. ಬಾಣಲೆಯಿಂದ ಸಿಡಿದು ಗೋಡೆಗೆ ಅಂಟಿದ ಎಣ್ಣೆ, ಒಲೆಯ ಬುಡದಲ್ಲಿ ಸುಟ್ಟು ಕರಕಲಾದ ಹಿಟ್ಟು, ಇಡ್ಲಿ ಸ್ಟೀಮರಿನ ಒಳಗೆ ಬೋರ್‌ವೆಲ್ ನೀರು ಬಿಟ್ಟುಹೋದ ಸುಣ್ಣದ ಪದರ, ಮೋರಿಯ ಬಾಯಲ್ಲಿ ಲೋಳೆಗಟ್ಟಿದ ಅನ್ನ, ತರಕಾರಿ ಹೆಚ್ಚುವ ಹಲಗೆಯ ಗೀರುಗಳಲ್ಲಿ ಅಡಗಿದ, ಕಣ್ಣಿಗೆ ಕಾಣದ ಸೂಕ್ಷ್ಮಾಣು. ಇವುಗಳಲ್ಲಿ ಒಂದನ್ನು ತೆಗೆಯುವ ಪದಾರ್ಥ ಇನ್ನೊಂದನ್ನು ಮುಟ್ಟುವುದೂ ಇಲ್ಲ. ಆದರೂ ಎಷ್ಟೋ ಅಡುಗೆಮನೆಗಳಲ್ಲಿ ಎಲ್ಲ ಕೊಳೆಗೂ ಮದ್ದು ಒಂದೇ: ಇರುವುದರಲ್ಲಿ ‘ಸ್ಟ್ರಾಂಗ್’ ಆದದ್ದನ್ನು ತಂದು ಸುರಿಯುವುದು. ಕೆಮಿಕಲ್ ಖಾರವಾದಷ್ಟೂ ಅಡುಗೆಮನೆ ಶುದ್ಧ ಎಂಬ ಈ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲು ಜಿಡ್ಡು. ಡಿಗ್ರೀಸರ್ ಎಂದು ಕ್ಯಾನುಗಳಲ್ಲಿ ಬರುವ ದ್ರಾವಣಗಳಲ್ಲಿ ಬಲವಾದವು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಇರುವಂಥವು. ಅದು ಎಣ್ಣೆಯನ್ನೇ ಸಾಬೂನಾಗಿ ಮಾರ್ಪಡಿಸಿ ನೀರಿನಲ್ಲಿ ಹೋಗುವಂತೆ ಮಾಡುತ್ತದೆ. ತಿಂಗಳುಗಟ್ಟಲೆ ಕಾದು ಅರಗಿನಂತೆ ಗಟ್ಟಿಯಾದ ಚಿಮಣಿಯ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಲದು. ಆ ಜಿಡ್ಡನ್ನು ಹಾಗೇ ಬಿಟ್ಟರೆ ಬೆಂಕಿಯ ಭಯ ಬೇರೆ. ಹಾಗಾಗಿ ಅಲ್ಲಿ ಕಾಸ್ಟಿಕ್ ಬಳಸುವುದನ್ನು ತಪ್ಪೆನ್ನಲಾಗದು. ಕೈಗೆ ಸಿಕ್ಕ ಅದೇ ಕ್ಯಾನನ್ನು ಅಲ್ಯೂಮಿನಿಯಂ ಕೊಳಗಕ್ಕೂ ಬಗ್ಗಿಸಿದಾಗ ತಪ್ಪು ಶುರುವಾಗುತ್ತದೆ. ಅಲ್ಯೂಮಿನಿಯಂ ಕಾಸ್ಟಿಕ್‌ನಲ್ಲಿ ಕರಗುತ್ತದೆ, ಹೈಡ್ರೋಜನ್ ಅನಿಲ ಬುರುಬುರು ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ನೋಡಿದವರಿಗೆ ಕೊಳೆ ಬಿಡುತ್ತಿದೆ ಅನ್ನಿಸುತ್ತದೆ, ಬಿಡುತ್ತಿರುವುದು ಪಾತ್ರೆ. ಚಿಮಣಿಯ ಜಾಲರಿಗಳಲ್ಲೂ ಅಲ್ಯೂಮಿನಿಯಂನವು ಇರುವುದರಿಂದ ಅಲ್ಲೂ ಲೋಹ ಯಾವುದೆಂದು ನೋಡಿಯೇ ಕೈ ಹಾಕಬೇಕು.

ಸುಣ್ಣದ ಪದರದ ಕಥೆ ಇದಕ್ಕೆ ತಿರುಗುಮುರುಗು. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಕಾಸ್ಟಿಕ್‌ಗೆ ಜಗ್ಗುವುದಿಲ್ಲ, ಆಮ್ಲಕ್ಕೆ ಕರಗುತ್ತದೆ. ಸಿಟ್ರಿಕ್ ಆಮ್ಲ ಕಲಸಿದ ಬಿಸಿನೀರು ಸ್ವಲ್ಪ ಹೊತ್ತು ನಿಂತರೆ ಸ್ಟೀಮರಿನ ಪದರ ಬಿಡುತ್ತದೆ. ಅಷ್ಟು ಕಾಯುವ ತಾಳ್ಮೆ ಇಲ್ಲದ ಕಡೆ ಬಚ್ಚಲುಮನೆಯ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಒಳಗೆ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪೊರೆಯಿಂದ. ಈ ಆಮ್ಲದಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಒಡೆದು ಸೂಜಿಮೊನೆಯಷ್ಟು ಗುಳಿಗಳನ್ನು ಕೊರೆಯುತ್ತದೆ. ಕಟ್ಟೆಗೆ ಹಾಸಿದ ಕಡಪ ಕಲ್ಲು, ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲುಗಳೇ. ಆಸಿಡ್ ಬಿದ್ದಾಗಲೆಲ್ಲ ಅವು ಮೇಲ್ಪದರ ಕಳೆದುಕೊಂಡು ಒರಟಾಗುತ್ತವೆ. ಒರಟಾದ ಕಲ್ಲಿನಲ್ಲಿ ಕೊಳೆ ಇನ್ನೂ ಚೆನ್ನಾಗಿ ಕೂರುತ್ತದೆ. ಅದನ್ನು ತೆಗೆಯಲು ಮತ್ತೆ ಆಸಿಡ್.

ಇನ್ನು ಬ್ಲೀಚ್. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕಾಗಲಿ ಬ್ಲೀಚಿಂಗ್ ಪೌಡರಿಗಾಗಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಶಕ್ತಿ ನಿಜಕ್ಕೂ ಇದೆ. ಆದರೆ ಅನ್ನ, ಸಾರು, ಜಿಡ್ಡು ಮೆತ್ತಿದ ಜಾಗಕ್ಕೆ ಸುರಿದರೆ ಕ್ಲೋರಿನ್ ಆ ಎಂಜಲಿನ ಜೊತೆಗೇ ಕ್ರಿಯೆ ನಡೆಸಿ ಖರ್ಚಾಗಿಹೋಗುತ್ತದೆ. ಆದ್ದರಿಂದ ಮೊದಲು ಉಜ್ಜಿ ತೊಳೆಯಬೇಕು, ಆಮೇಲೆ ಸೋಂಕು ತೆಗೆಯಬೇಕು. ಈ ಕ್ರಮ ತಪ್ಪಿದರೆ ಎಷ್ಟು ಸುರಿದರೂ ದಂಡ. ಕ್ರಮ ಸರಿಯಿದ್ದರೆ ಬೇಕಾಗುವ ಪ್ರಮಾಣವಾದರೋ ಆಶ್ಚರ್ಯ ಹುಟ್ಟಿಸುವಷ್ಟು ಕಡಿಮೆ. ಆಹಾರ ತಾಗುವ ಪಾತ್ರೆ, ಹಲಗೆ, ಮೇಜುಗಳಿಗೆ 50ರಿಂದ 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 50ರಿಂದ 100 ಪಾಲು ಕ್ಲೋರಿನ್ ಸಾಕು. ಮತ್ತೆ ತೊಳೆಯದೆ ಒಣಗಲು ಬಿಡುವುದಾದರೆ ಅಮೆರಿಕದ ನಿಯಮ 200 ಪಿಪಿಎಂಗಿಂತ ಹೆಚ್ಚಿಗೆ ಒಪ್ಪುವುದಿಲ್ಲ. ಶೇಕಡಾ 5ರ ಬ್ಲೀಚ್ ದ್ರಾವಣ ಎಂದರೆ 50,000 ಪಿಪಿಎಂ. ಹತ್ತು ಲೀಟರ್ ನೀರಿನ ಬಕೆಟ್ಟಿಗೆ 20 ಮಿಲಿ ಹಾಕಿದರೆ 100 ಪಿಪಿಎಂ ಆಯಿತು. ಅಂದರೆ ನಾಲ್ಕು ಟೀ ಚಮಚ! ಅಂದಾಜಿನಲ್ಲಿ ಒಂದು ಲೋಟ ಬಗ್ಗಿಸುವವರು ಅದರ ಹತ್ತು ಪಟ್ಟು ಹಾಕುತ್ತಿರುತ್ತಾರೆ. ಅದರಿಂದ ಹೆಚ್ಚುವುದು ಶುದ್ಧಿಯಲ್ಲ, ಕಣ್ಣುರಿ, ಕೆಮ್ಮು ಮತ್ತು ಸ್ಟೀಲಿನ ಸವೆತ. ಬಿಸಿಲು ಬೀಳುವ ಕಿಟಕಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಬ್ಲೀಚ್ ಶಕ್ತಿ ಕಳೆದುಕೊಂಡಿರುತ್ತದೆ ಎಂಬುದು ಇನ್ನೊಂದು ಮಗ್ಗುಲು. ಘಾಟು ಮೂಗಿಗೆ ಬಡಿದ ಮಾತ್ರಕ್ಕೆ ಸೂಕ್ಷ್ಮಾಣು ಸತ್ತಿದೆ ಎನ್ನುವಂತಿಲ್ಲ. ಫಿನಾಯಿಲ್ ವಾಸನೆಯನ್ನು ಶುಚಿತ್ವದ ಗುರುತೆಂದು ತಿಳಿದು ಅದರಲ್ಲಿ ಅದ್ದಿದ ಬಟ್ಟೆಯಲ್ಲೇ ಗಿರಾಕಿಯ ಮೇಜನ್ನೂ ಒರೆಸುವ ಅಭ್ಯಾಸ ಇದೇ ತಿಳಿಗೇಡಿತನದ ತುಂಡು.

ಒಂದೊಂದೇ ಇದ್ದಾಗ ಇಷ್ಟು ಅಪಾಯ. ಎರಡು ಸೇರಿದರೆ ಲೆಕ್ಕವೇ ಬೇರೆ. ಬ್ಲೀಚಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ತಗುಲಿದರೆ ಕ್ಲೋರಮಿನ್ ಅನಿಲಗಳು. 2019ರ ನವೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಲಿಂಗ್ಟನ್ ಎಂಬ ಊರಿನ ರೆಸ್ಟೋರೆಂಟೊಂದರ ಅಡುಗೆಮನೆಯ ನೆಲದ ಮೇಲೆ ಆಮ್ಲದ ಕ್ಲೀನರ್ ಚೆಲ್ಲಿತ್ತು. ಅದನ್ನರಿಯದ ಇನ್ನೊಬ್ಬ ಕೆಲಸಗಾರ ನೆಲ ತೊಳೆಯಲೆಂದು ಹೈಪೋಕ್ಲೋರೈಟ್ ಇರುವ ಕ್ಲೀನರ್ ಸುರಿದ. ಎದ್ದ ಹೊಗೆಯನ್ನು ಹೊರಗೆ ದೂಡಲು ಹೋದ ಮ್ಯಾನೇಜರ್ ತೀರಿಕೊಂಡರು. ಹಲವರು ಆಸ್ಪತ್ರೆ ಸೇರಿದರು. ಎರಡೂ ಅಡುಗೆಮನೆಗೆಂದೇ ತಯಾರಾದ ಸರಕುಗಳು, ಬೇಕೆಂದು ಬೆರೆಸಿದವರು ಯಾರೂ ಇಲ್ಲ. ಮೋರಿಗೆ ಸಂಜೆ ಬ್ಲೀಚಿಂಗ್ ಪೌಡರ್ ಎರಚಿ ರಾತ್ರಿ ಅದರ ಮೇಲೆಯೇ ಆಸಿಡ್ ಬಿಡುವ ಯಾವ ಊರಿನ ಹೋಟೆಲಿನಲ್ಲೂ ಇದು ನಡೆಯಬಹುದು.

ಇಂಥ ಅಪಾಯದ ಪಾಲು ಸಮನಾಗಿ ಹಂಚಿಕೆಯಾಗುವುದಿಲ್ಲ. ಗಲ್ಲಾದ ಮೇಲೆ ಕೂತವರಿಗಾಗಲಿ ಒಲೆಯ ಮುಂದೆ ನಿಂತ ಭಟ್ಟರಿಗಾಗಲಿ ಕ್ಯಾನಿನ ಸಹವಾಸ ಕಡಿಮೆ. ಅದನ್ನು ಎತ್ತುವುದು ಕ್ಲೀನರ್ ಹುಡುಗ, ಅದೂ ಶಟರ್ ಅರ್ಧ ಎಳೆದು ಗಾಳಿ ನಿಂತ ಹೊತ್ತಿನಲ್ಲಿ, ಬರಿಗೈಯಲ್ಲಿ, ಹವಾಯಿ ಚಪ್ಪಲಿ ಮೆಟ್ಟಿಕೊಂಡು. ಕ್ಯಾನಿನ ಮೇಲಿನ ಬರಹ ಇಂಗ್ಲಿಷಿನಲ್ಲಿದೆ. ಹುಡುಗ ಒಡಿಶಾದವನೋ ಅಸ್ಸಾಮಿನವನೋ ಆಗಿದ್ದರೆ ಕನ್ನಡದಲ್ಲಿ ಹೇಳಿದ ಎಚ್ಚರಿಕೆಯೂ ಅವನಿಗೆ ಮುಟ್ಟದು. ದೊಡ್ಡ ಕ್ಯಾನಿನಿಂದ ಖಾಲಿ ನೀರಿನ ಬಾಟಲಿಗೆ ಬಗ್ಗಿಸಿಟ್ಟುಕೊಳ್ಳುವ ರೂಢಿ ಎಲ್ಲಕ್ಕಿಂತ ಕೆಟ್ಟದ್ದು: ಬಾಯಾರಿದವರ ಕೈ ಮೊದಲು ಹೋಗುವುದೇ ಅಂಥ ಬಾಟಲಿಗೆ. ಕ್ಷಾರದ ಸುಡುವಿಕೆ ಆಮ್ಲದ್ದಕ್ಕಿಂತ ಸಾಮಾನ್ಯವಾಗಿ ಆಳಕ್ಕೆ ಇಳಿಯುತ್ತದೆ. ಅದು ಅಂಗಾಂಶವನ್ನೇ ಕರಗಿಸುತ್ತ ಒಳಹೊಗುವುದರಿಂದ ಕಣ್ಣಿಗೆ ಹಾರಿದ ಒಂದು ಹನಿ ದೃಷ್ಟಿಯನ್ನೇ ಕಸಿಯಬಲ್ಲದು. ತಕ್ಷಣ ನಲ್ಲಿಗೆ ಕಣ್ಣೊಡ್ಡಿ ಕನಿಷ್ಠ 15 ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಓಡಬೇಕು ಎಂಬ ಮಾತು ಗೋಡೆಯ ಮೇಲೆ ಆ ಹುಡುಗನ ಭಾಷೆಯಲ್ಲಿ ಇರಬೇಕಾದದ್ದು ಇದಕ್ಕೇ.

ಮಾಲೀಕರ ವಾದಕ್ಕೂ ತೂಕವಿಲ್ಲದಿಲ್ಲ. ರಾತ್ರಿ ಹನ್ನೊಂದಕ್ಕೆ ಮುಚ್ಚಿ ಬೆಳಗಿನ ಜಾವ ಮತ್ತೆ ಇಡ್ಲಿ ಬೇಯಿಸಬೇಕಾದ ಜಾಗದಲ್ಲಿ ತೊಳೆಯಲು ಸಿಗುವುದೇ ಒಂದೆರಡು ತಾಸು, ಆಳುಗಳೂ ಕಡಿಮೆ. 1959ರಲ್ಲಿ ಜರ್ಮನಿಯ ಹೆರ್ಬರ್ಟ್ ಸಿನ್ನರ್ ಎಂಬ ರಸಾಯನತಜ್ಞ ಈ ಸಮಸ್ಯೆಗೆ ಒಂದು ಲೆಕ್ಕ ಕೊಟ್ಟಿದ್ದಾನೆ: ತೊಳೆಯುವ ಕೆಲಸದಲ್ಲಿ ರಾಸಾಯನಿಕ, ಉಜ್ಜುವಿಕೆ, ಬಿಸಿ, ಸಮಯ ಈ ನಾಲ್ಕರ ಪಾಲಿದೆ, ಒಂದನ್ನು ಕಡಿಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ಹೋಟೆಲಿನವರು ಸಮಯವನ್ನು ಉಳಿಸಲು ರಾಸಾಯನಿಕವನ್ನು ಹೆಚ್ಚಿಸುತ್ತಾರೆ. ಆದರೆ ಬಿಸಿಯನ್ನು ಹೆಚ್ಚಿಸುವ ದಾರಿಯೂ ಇದೆಯಲ್ಲ? ಇಡ್ಲಿಯ ಆವಿಗೆ ಬಾಯ್ಲರ್ ಇಟ್ಟುಕೊಂಡವರಿಗೆ ಬಿಸಿನೀರಿನ ಬರವೇನಿಲ್ಲ. ತೊಳೆದ ಪಾತ್ರೆಯನ್ನು 77 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 30 ಸೆಕೆಂಡು ಮುಳುಗಿಸಿದರೆ ಬ್ಲೀಚಿನ ಹಂಗೇ ಬೇಡ. ತಳ ಹಿಡಿದ ಕೊಳಗಕ್ಕೆ ರಾತ್ರಿಯೇ ನೀರು ತುಂಬಿ ನೆನೆಯಲು ಬಿಡುವುದರಿಂದ ಯಾರ ಸಮಯವೂ ಖರ್ಚಾಗುವುದಿಲ್ಲ.

ಹಾಗೆಂದು ಕೆಮಿಕಲ್ಲೇ ಬೇಡ, ಹಿಂದಿನ ಬೂದಿ, ಹುಣಸೆಹಣ್ಣು, ತೆಂಗಿನ ನಾರೇ ಸಾಕು ಎನ್ನುವವರ ಮಾತೂ ಪೂರ್ತಿ ನಿಲ್ಲದು. ಬೂದಿ ಜಿಡ್ಡು ತೆಗೆಯುತ್ತಿದ್ದುದು ಅದರಲ್ಲಿನ ಕ್ಷಾರದಿಂದ, ಹುಣಸೆ ಹಿತ್ತಾಳೆ ಬೆಳಗುತ್ತಿದ್ದುದು ಅದರ ಆಮ್ಲದಿಂದ. ಅವೂ ರಸಾಯನವೇ, ಮೆದುವಾದದ್ದು ಅಷ್ಟೇ. ಮನೆಯ ಹತ್ತು ತಟ್ಟೆಗೆ ಒದಗಿದ್ದು ದಿನಕ್ಕೆ ಸಾವಿರ ತಟ್ಟೆ ತೊಳೆಯುವಲ್ಲಿ ಒದಗದು. ಈಚೆಗೆ ಮೊಬೈಲ್ ರೀಲುಗಳಲ್ಲಿ ಹರಿದಾಡುವ ಅಡುಗೆ ಸೋಡಾ-ವಿನಿಗರ್ ಮಿಶ್ರಣವಂತೂ ಬರೀ ನೊರೆ: ಕ್ಷಾರ, ಆಮ್ಲ ಎರಡೂ ಒಂದನ್ನೊಂದು ತಣಿಸಿ, ತೊಳೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತವೆ.

ಮೋರಿಗೆ ಬಿಟ್ಟದ್ದು ಅಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನೂ ಸೇರಿಸಬೇಕು. ಕಾಸ್ಟಿಕ್ಕಿನಿಂದ ಸಡಿಲಗೊಂಡ ಜಿಡ್ಡು ಮುಂದೆ ತಣ್ಣಗಿನ ಪೈಪಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಬ್ಲೀಚ್ ಹೆಚ್ಚಾದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ ಉಪಯುಕ್ತ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಜಿಡ್ಡನ್ನು ಮೋರಿಗಿಂತ ಮೊದಲೇ ಗ್ರೀಸ್ ಟ್ರ್ಯಾಪಿನಲ್ಲಿ ತಡೆದು ವಾರವಾರ ಎತ್ತಿಹಾಕುವುದು ಹೇಸಿಗೆಯ ಕೆಲಸ, ಆದರೆ ಸರಿಯಾದ ಕೆಲಸ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಗಳ ಶೆಡ್ಯೂಲ್ 4, ಶುಚಿಗೊಳಿಸುವ ರಾಸಾಯನಿಕಗಳನ್ನು ತಯಾರಕರ ಸೂಚನೆಯಂತೆ ಎಚ್ಚರದಿಂದ ಬಳಸಬೇಕು, ಹೆಸರು ಬರೆದ ಡಬ್ಬಗಳಲ್ಲಿ ಆಹಾರದಿಂದ ಬೇರೆಯಾಗಿ ಇಡಬೇಕು ಎಂದು ಹೇಳುತ್ತದೆ. ಪರವಾನಗಿಗೆ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದವರೆಲ್ಲರೂ ಒಪ್ಪಿಕೊಂಡ ಷರತ್ತು ಇದು. ಅದನ್ನು ಪಾಲಿಸಲು ಬೇಕಾದ ಅಳತೆಯ ಲೋಟ, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕನ್ನಡಕ ಇವುಗಳ ಬೆಲೆ ದೊಡ್ಡದೇನಲ್ಲ. ಇವು ಮೂರನ್ನೂ ಕ್ಯಾನಿನ ಜೊತೆಗೇ ಕೊಂಡುಕೊಳ್ಳಲು ಮನಸ್ಸಿಲ್ಲದ ಮಾಲೀಕರು ಆ ಕ್ಯಾನನ್ನೂ ಕೊಳ್ಳಬಾರದು.