ಮೂರು ವರ್ಷದ ನಾಲಗೆಗೆ ಬರೆ

ನಮ್ಮ ಕೇರಿಯ ಮಕ್ಕಳಿಗೆ ಭಾಷೆಯೇ ಇಲ್ಲ ಎಂದು ಹೇಳುವುದು ಈಗ ಒಂದು ವಿದ್ಯೆಯಾಗಿಬಿಟ್ಟಿದೆ. ತರಬೇತಿಗಳಲ್ಲಿ ಹೇಳುತ್ತಾರೆ, ವರದಿಗಳಲ್ಲಿ ಬರೆಯುತ್ತಾರೆ: ಮನೆಯಲ್ಲಿ ಪುಸ್ತಕವಿಲ್ಲ, ತಾಯಿಗೆ ಓದು ಬರೋಲ್ಲ, ಮಗುವಿಗೆ ಪದಗಳೇ ಗೊತ್ತಿಲ್ಲ. ಮೊದಲ ಎರಡು ಮಾತು ನಿಜ. ನನ್ನವ್ವನಿಗೆ ಓದು ಬರೋಲ್ಲ. ಮೂರನೆಯದು ಹಸೀ ಸುಳ್ಳು.

ತಿ. ನರಸೀಪುರ, ಕೊಳ್ಳೇಗಾಲದ ಸೀಮೆಗೆ ಬಂದು ನೋಡಿ ಸ್ವಾಮಿ. ನೀಲಗಾರರು ತಂಬೂರಿ ಹಿಡಿದು ಕೂತರೆ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆ ಬೆಳಗಿನ ಜಾವದವರೆಗೂ ಹರಿಯುತ್ತದೆ. ಅವ್ವನ ಸೆರಗಿನೊಳಗೆ ಅರೆನಿದ್ದೆಯಲ್ಲಿ ಅದನ್ನು ಕೇಳೋ ಕೂಸಿಗೆ ಮೂರು ವರ್ಷ. ಅದೇ ಕೂಸು ಹಗಲು ಬದುವಿನ ಮೇಲೆ ಕೂತು ಕಳೆ ಕೀಳುವ ಹೆಂಗಸರ ಪದ, ಒಗಟು, ಬೈಗುಳ ಎಲ್ಲ ಕೇಳುತ್ತದೆ. (ಬೈಗುಳದಲ್ಲೂ ಪ್ರಾಸವಿರುತ್ತದೆ, ಕೇಳಿ ನೋಡಿ.) ಪ್ರಾಸ ಹಿಡಿಯೋದು, ಪದವನ್ನು ಸದ್ದುಸದ್ದಾಗಿ ಒಡೆಯೋದು, ಕತೆ ಮುಂದೆ ಎತ್ತ ತಿರುಗುತ್ತೆ ಅಂತ ಊಹಿಸೋದು, ಓದು ಕಲಿಯೋ ಮೊದಲು ಮಗುವಿಗೆ ಬೇಕಾದದ್ದು ಇವೇ ಎಂದು ಶಿಶುಶಿಕ್ಷಣದ ಪಂಡಿತರೇ ಹೇಳುತ್ತಾರಲ್ಲ!

ಇಷ್ಟನ್ನು ಹೊತ್ತು ಬಂದ ಮಗುವಿಗೆ ಅಂಗನವಾಡಿಯಲ್ಲಿ ಏನಾಗುತ್ತದೆ? ನಮ್ಮಕ್ಕನ ಮಗಳು ಹೋದ ಮೊದಲ ವಾರ ‘ಆಲು’ ಅಂದಳು. ‘ಹಾಲು ಅನ್ನು’ ಅಂದರು. ಮತ್ತೂ ‘ಆಲು’. ಉಳಿದ ಮಕ್ಕಳು ನಕ್ಕವು. ಮನೆಯಲ್ಲಿ ವಟವಟ ಅನ್ನೋ ಕೂಸು ಅಲ್ಲಿ ಮೂರು ತಿಂಗಳು ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ ಏನು ಬರೆದುಕೊಂಡರು ಗೊತ್ತೆ? ‘ಮಾತು ನಿಧಾನ.’ ಆ ಟೀಚರಮ್ಮ ಕೆಟ್ಟವರೇನಲ್ಲ, ಅವರಿಗೆ ಕಲಿಸಿದ್ದೇ ಹಾಗೆ.

ಹಕಾರ ಬಿಡೋದು ನಮ್ಮ ಸೀಮೆಯ ನಾಲಗೆಯ ಕಟ್ಟಳೆ. ಹಾಲು ಆಲಾದರೆ ಹಸು ಅಸುವಾಗುತ್ತದೆ, ಹೂವು ಊವಾಗುತ್ತದೆ. ಕಟ್ಟಳೆ ಹಿಡಿದು ಆಡೋ ಮಾತನ್ನೇ ತಾನೆ ಭಾಷೆ ಅನ್ನೋದು? ಬಹುಪಾಲು ಕನ್ನಡಿಗರ ಬಾಯಲ್ಲಿ ಮಹಾಪ್ರಾಣವೇ ಇಲ್ಲ, ಬರಹದಿಂದಲೂ ಅದನ್ನು ಬಿಡಬಹುದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ವಾದಿಸಿದರು. ಅವರ ಮಾತನ್ನು ಒಪ್ಪಿ, ಬಿಡಿ. ಮೂರು ವರ್ಷದ ಕೂಸಿನ ಮೇಲಾದರೂ ನಿಮ್ಮ ಶುದ್ಧಿಯ ಬೆತ್ತ ಎತ್ತಬೇಡಿ.

ಗೋಡೆಯ ಮೇಲಿನ ಚಾರ್ಟು ಬೇರೆ. ಅ ಅಂದರೆ ಅರಸ, ಈ ಅಂದರೆ ಈಶ, ಋ ಅಂದರೆ ಋಷಿ. ಇವರಲ್ಲಿ ಒಬ್ಬರೂ ನಮ್ಮ ಹಟ್ಟಿಗೆ ಬಂದವರಲ್ಲ. ತ ಅಂದರೆ ತಮಟೆ, ಕ ಅಂದರೆ ಕುಡುಗೋಲು ಅನ್ನೋಕೆ ಯಾರಪ್ಪನ ಅಪ್ಪಣೆ ಬೇಕು?

ಮೇಲಾಗಿ ಈ ಅವಸರ ಯಾಕೆ? ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ನಾನೂರಕ್ಕೂ ಮಿಕ್ಕಿದ ರೂಪಗಳು, ಒತ್ತಕ್ಷರ ಬೇರೆ. ಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್, ಇವನ್ನೆಲ್ಲ ಹಿಡಿಯಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕೆಂದು 2007ರಲ್ಲೇ ತೋರಿಸಿಕೊಟ್ಟರು. ಆದರೂ ಎಲ್‌ಕೆಜಿಗಳಲ್ಲಿ ಪೆನ್ಸಿಲ್ ಹಿಡಿಯಲಾರದ ಬೆರಳುಗಳು ಪುಟಗಟ್ಟಲೆ ತಿದ್ದುತ್ತಿವೆ. ನಮ್ಮವರೂ ಕೂಲಿ ಕಾಸು ಕೂಡಿಸಿ ಅಲ್ಲಿಗೇ ಕಳಿಸುತ್ತಾರೆ. ಅವರನ್ನು ನಾನು ಬಯ್ಯಲಾರೆ. ಇಂಗ್ಲಿಷ್ ಬೇಡ ಅನ್ನೋ ಮಾತನ್ನೂ ನನ್ನ ಬಾಯಿಂದ ಹೊರಡಿಸಬೇಡಿ. ಇಂಗ್ಲಿಷು ನಮಗೂ ಬೇಕು, ಬೇಕೇ ಬೇಕು. ಇರೋ ನಾಲಗೆ ಕಿತ್ತು ಇನ್ನೊಂದನ್ನು ನೆಡೋ ಕಸುಬು ಬೇಡ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಇದೇ ತಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು. ಐವತ್ತು ವರ್ಷ ದಾಟಿತು. ತೂಕ ಹಾಕಿ, ಊಟ ಬಡಿಸಿ, ರಿಜಿಸ್ಟರು ತುಂಬಿ, ಉಳಿದ ಹೊತ್ತಿನಲ್ಲಿ ಮಕ್ಕಳ ಜೊತೆ ಮಾತಾಡಬೇಕಾದ ಹೆಂಗಸಿಗೆ ಇವತ್ತಿಗೂ ಸಂಬಳವೆಂಬುದಿಲ್ಲ, ‘ಗೌರವಧನ’. 2018ರಲ್ಲಿ ಕೇಂದ್ರ ಅದನ್ನು ಏರಿಸಿದ್ದು ತಿಂಗಳಿಗೆ 4,500 ರೂಪಾಯಿಗೆ. ಮೇಲಿಷ್ಟು ರಾಜ್ಯ ಹಾಕುತ್ತದೆ. ಎಂಥಾ ಗೌರವ! 2024ರ ಜೂನ್‌ನಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ಶುರು ಮಾಡಲು ಹೊರಟಾಗ ಈ ಹೆಂಗಸರು ಬೆಂಗಳೂರಿನ ಬೀದಿಗಿಳಿದರು. ಅವರ ಹೊಟ್ಟೆಪಾಡು ಎಲ್ಲರಿಗೂ ಕಂಡಿತು. ಅವರ ಕೈಲಿದ್ದ ಮಕ್ಕಳ ಮಾತು ಯಾರಿಗೂ ಕೇಳಿಸಲಿಲ್ಲ.

ಶಿಕ್ಷಣ ಹಕ್ಕಿನ ಕಾಯಿದೆ 2009ರದು. ಅದು ಮಗುವಿನ ಕೈ ಹಿಡಿಯೋದು 6 ವರ್ಷವಾದ ಮೇಲೆ. ಅದಕ್ಕೂ ಮುಂಚಿನ ವಯಸ್ಸಿಗೆ ಸಂವಿಧಾನದ 45ನೇ ವಿಧಿಯಲ್ಲಿ ಇರೋದು ‘ಪ್ರಯತ್ನಿಸತಕ್ಕದ್ದು’ ಅನ್ನೋ ಮಾತು. ನಾಲಗೆ ಬಲಿಯೋದು ಆ ವಯಸ್ಸಿನಲ್ಲೇ, ಸ್ವಾಮಿ.

ಒಂದು ಹಿಡಿಕೆ ಮಾತ್ರ ನಮಗೆ ಸಿಕ್ಕಿದೆ. 6 ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ, ಕೊಳೆಗೇರಿಗಳಿಗೆ ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು, ಪರಿಶಿಷ್ಟರ ಕೇರಿಗಳಿಗೆ ಆದ್ಯತೆ ಇರಬೇಕು ಎಂದು 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಆದೇಶಿಸಿದೆ. ಊರ ನಡುವಿನ ಬೀದಿಗೆ ಕೂಸುಗಳನ್ನು ಕಳಿಸಿ ನಾಲಗೆ ಕಟ್ಟಿಸಿಕೊಂಡದ್ದು ಸಾಕು. ನಾವು ಹುಡುಗರು ಮನೆಮನೆ ತಿರುಗಿ ಮಕ್ಕಳನ್ನು ಎಣಿಸುತ್ತಿದ್ದೇವೆ. ಟೀಚರು ನಮ್ಮ ಕೇರಿಯವಳೇ ಆಗಿರಲಿ ಅಂತಲೂ ಅರ್ಜಿಯಲ್ಲಿ ಸೇರಿಸಿದ್ದೇವೆ. ನಿಮ್ಮ ಕೇರಿಯಲ್ಲೂ ಎಣಿಸಿ, ಅರ್ಜಿ ಹಾಕಿ. ತಾಲ್ಲೂಕಾಫೀಸಿನವರು ಏನಂದರು ಅಂತ ಈ ಪತ್ರಿಕೆಗೆ ಬರೆಯಿರಿ.