ರಿವೆಟ್ ರೂಪಕವಲ್ಲ

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಹಿರಿಯ ವಿಮರ್ಶಕರೊಬ್ಬರು ಕಾದಂಬರಿಯೊಂದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅದರ ಹೆಣಿಗೆ ಬಿಗಿಯಾಗಿದೆ, ನೇಯ್ಗೆಯಲ್ಲಿ ಎಳೆ ಬಿಟ್ಟಿಲ್ಲ, ಅಧ್ಯಾಯಗಳ ಬೆಸುಗೆ ಕಾಣುವುದೇ ಇಲ್ಲ, ಲೇಖಕರ ಕಸುಬುಗಾರಿಕೆ ದೊಡ್ಡದು ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಅದೇ ಮಧ್ಯಾಹ್ನ ನನ್ನ ಪಿಎಚ್‌ಡಿಯ ಪ್ರಗತಿ ವರದಿ ಮಂಡಿಸಬೇಕಿತ್ತು. ಮನೆಯಲ್ಲೇ ಸಣ್ಣ ವಿಮಾನ ಕಟ್ಟುವವರ ಕೈಪಿಡಿಗಳು ಮತ್ತು ಅವರು ಬರೆದಿಡುವ ದಿನಚರಿಗಳ ಮೇಲೆ ಒಂದು ಅಧ್ಯಾಯ ಬರೆಯುತ್ತೇನೆ ಅಂದೆ. ಸಮಿತಿಯ ಸದಸ್ಯರೊಬ್ಬರು ನಕ್ಕು ಕೇಳಿದರು: "ಇದರಲ್ಲಿ ಜ್ಞಾನ ಎಲ್ಲಿದೆಯಮ್ಮಾ? ಇದು ಕೈಕೆಲಸ ಅಲ್ಲವೇ?"

ಬೆಳಿಗ್ಗೆ ಹೊಗಳಿಕೆಯಾಗಿದ್ದ ಕಸುಬು ಮಧ್ಯಾಹ್ನದ ಹೊತ್ತಿಗೆ ಕೀಳಾಗಿತ್ತು. ನನ್ನ ತಕರಾರು ಇದು: ನಮ್ಮ ಓದು-ಬರಹದ ಲೋಕಕ್ಕೆ ಕೈಕೆಲಸ ರೂಪಕವಾಗಿ ಬೇಕು, ಜ್ಞಾನವಾಗಿ ಬೇಡ. ನೇಯ್ಗೆ ಎಂಬ ಪದ ಬೇಕು, ಮಗ್ಗದ ಮುಂದೆ ಕೂತವರಿಗೆ ಏನು ಗೊತ್ತು ಎಂಬ ಪ್ರಶ್ನೆ ಬೇಡ. ಕಾಯಕದ ಬಗ್ಗೆ ವೇದಿಕೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಕಾಯಕ ಮಾಡಿದವರ ತಿಳಿವಳಿಕೆಯನ್ನು ಅಡಿಟಿಪ್ಪಣಿಯಲ್ಲೂ ನಮೂದಿಸುವುದಿಲ್ಲ. ಬರೆಯುವ ಕೈ ಬೇರೆ, ಕೊಳೆಯಾಗುವ ಕೈ ಬೇರೆ ಎಂದು ಜಾತಿ ಎಳೆದುಕೊಟ್ಟ ಗೆರೆಯನ್ನು, ಅದನ್ನು ಅಳಿಸಿದ್ದೇವೆ ಎಂದುಕೊಂಡ ನಾವೇ ಹೀಗೆ ಕಾಪಾಡಿಕೊಂಡು ಬಂದಿದ್ದೇವೆ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ತಮ್ಮ ಕಾರ್ ಗ್ಯಾರೇಜಿನಲ್ಲಿ ವಿಮಾನ ಕಟ್ಟುವ ಸಾವಿರಾರು ಜನ ಇದ್ದಾರೆ. ಶಿಕ್ಷಕರು, ರೈತರು, ನಿವೃತ್ತರು, ದಂತವೈದ್ಯರು. ಇವರ ಸಂಘ ಇಎಎ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಎಂಬವರ ಮುಂದಾಳತ್ವದಲ್ಲಿ ಹುಟ್ಟಿತು. ಪ್ರತಿ ಬೇಸಿಗೆಯಲ್ಲಿ ಅದೇ ರಾಜ್ಯದ ಆಷ್‌ಕಾಷ್ ಊರಿನಲ್ಲಿ ಇವರ ದೊಡ್ಡ ಜಾತ್ರೆ ನಡೆಯುತ್ತದೆ. ಒರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಕಂಪನಿ ಅಲ್ಯೂಮಿನಿಯಂ ವಿಮಾನಗಳ ಬಿಡಿಭಾಗಗಳನ್ನು ಕಿಟ್ ಮಾಡಿ ಮಾರುತ್ತದೆ. ಆ ಕಿಟ್‌ಗಳಿಂದ ಜನ ಕಟ್ಟಿ ಹಾರಿಸಿದ ವಿಮಾನಗಳು ಹತ್ತು ಸಾವಿರ ದಾಟಿವೆ. ಎರಡು ಸೀಟಿನ ಒಂದು ವಿಮಾನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್ ಬೇಕು. ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಹೊಡೆಯುತ್ತಾ ಕೂತರೆ ಮೂರು ವರ್ಷ, ಐದು ವರ್ಷ, ಕೆಲವರಿಗೆ ಹತ್ತು ವರ್ಷ.

ಅಲ್ಲಿನ ಕಾನೂನು ಇದಕ್ಕೊಂದು ಷರತ್ತು ಹಾಕುತ್ತದೆ. ವಿಮಾನದ ಹೆಚ್ಚಿನ ಪಾಲನ್ನು ಕಟ್ಟುವವರೇ ಕಟ್ಟಿರಬೇಕು. ಕಟ್ಟಿದ್ದು ಅವರ ಸ್ವಂತ ಶಿಕ್ಷಣಕ್ಕಾಗಿ ಅಥವಾ ಮನರಂಜನೆಗಾಗಿ ಆಗಿರಬೇಕು. ಶಿಕ್ಷಣ ಎಂಬ ಮಾತು ಕಾನೂನಿನಲ್ಲೇ ಇದೆ. ಮುಗಿದ ಮೇಲೆ ಸರ್ಕಾರದ ಪರವಾಗಿ ಒಬ್ಬರು ಬಂದು ವಿಮಾನವನ್ನೂ ದಾಖಲೆಯನ್ನೂ ನೋಡುತ್ತಾರೆ. ಅದನ್ನು ಕಟ್ಟಿದವರು ಅರ್ಜಿ ಹಾಕಿ, ಆ ಒಂದು ವಿಮಾನದ ಮಟ್ಟಿಗೆ ವರ್ಷದ ತಪಾಸಣೆ ತಾವೇ ಮಾಡುವ ಪರವಾನಗಿ ಪಡೆಯಬಹುದು. ಅಂದರೆ ಕೈಯಿಂದ ಮಾಡಿ ಕಲಿತದ್ದನ್ನು ಒಂದು ದೇಶದ ವಿಮಾನಯಾನ ಇಲಾಖೆ ಕಲಿಕೆ ಎಂದು ಒಪ್ಪಿ ಸಹಿ ಹಾಕಿಕೊಡುತ್ತದೆ. ನಮ್ಮ ಸಂಶೋಧನಾ ಸಮಿತಿ ಒಪ್ಪಲಾರದು.

ಇದರಲ್ಲಿ ಜ್ಞಾನ ಎಲ್ಲಿದೆ ಎಂಬ ಪ್ರಶ್ನೆಗೆ ನಾನು ಚಿಕ್ಕಪ್ಪನ ಜೊತೆ ಕಳೆದ ಎರಡು ಭಾನುವಾರಗಳಿಂದ ಉತ್ತರ ಕೊಡುತ್ತೇನೆ. ಚಿಕ್ಕಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಮಾನದ ರಿವೆಟ್ ಹೊಡೆದು ನಿವೃತ್ತರಾದವರು. ಬಲಗಿವಿ ಅಷ್ಟಾಗಿ ಕೇಳುವುದಿಲ್ಲ. ಮನೆಯಲ್ಲಿ ಅವರನ್ನು ಯಾರೂ ತಿಳಿದವರು ಎಂದು ಕರೆದದ್ದಿಲ್ಲ. 'ಓದಿದವರು' ಎಂದು ಕರೆದದ್ದು ನನ್ನನ್ನು. ಕೈಪಿಡಿಗಳ ಮೇಲೆ ಎರಡು ವರ್ಷ ಟಿಪ್ಪಣಿ ಮಾಡಿಕೊಂಡ ಮೇಲೆ, ಅದೇ ಕೆಲಸ ಮಾಡಿದವರು ನಮ್ಮ ಮನೆಯಲ್ಲೇ ಕೂತು ಪೇಪರ್ ಓದುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಗೆಳೆಯನೊಬ್ಬ ತರಿಸಿದ್ದ ಅಭ್ಯಾಸದ ಕಿಟ್ ಹಿಡಿದುಕೊಂಡು ಅವನ ಶೆಡ್ಡಿಗೆ ಇಬ್ಬರೂ ಹೋದೆವು.

ಕೆಲಸ ಕೇಳಲು ಸರಳ. ಎರಡು ತಗಡು ಒಂದರ ಮೇಲೊಂದು ಇಟ್ಟು, ಕ್ಲೆಕೊ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ಜೋಡಿಸಿ, ತೂತು ಕೊರೆಯಬೇಕು. ಆಮೇಲೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಯಾಕೆಂದರೆ ಕೊರೆದ ತೂತಿನ ಅಂಚಿನಲ್ಲಿ ಸಣ್ಣ ಮುಳ್ಳು ಎದ್ದಿರುತ್ತದೆ. ಅದು ಹಾಗೇ ಉಳಿದರೆ ತಗಡು ಒಂದಕ್ಕೊಂದು ಕೂಡುವುದಿಲ್ಲ, ವರ್ಷಗಳ ನಡುಗಾಟದಲ್ಲಿ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಪ್ರತಿ ತೂತಿನ ಎರಡೂ ಬದಿ ನಯ ಮಾಡಿ ಮತ್ತೆ ಜೋಡಿಸಬೇಕು. ನಂತರ ರಿವೆಟ್ ತೂರಿಸಿ, ಒಬ್ಬರು ತಲೆಯ ಕಡೆಯಿಂದ ಗಾಳಿಯ ಗನ್ ಹಿಡಿದರೆ ಇನ್ನೊಬ್ಬರು ಬಾಲದ ಕಡೆ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಬಾಲ ಚಪ್ಪಟೆಯಾಗಿ ಇನ್ನೊಂದು ತಲೆಯಾಗುತ್ತದೆ, ಮೈ ಉಬ್ಬಿ ತೂತನ್ನು ಪೂರ್ತಿ ತುಂಬುತ್ತದೆ. 3.2 ಮಿಲಿಮೀಟರ್ ದಪ್ಪದ ರಿವೆಟ್ ಆದರೆ ಆ ಹೊಸ ತಲೆಯ ಅಗಲ ಸುಮಾರು 4.8, ಎತ್ತರ 1.6 ಮಿಲಿಮೀಟರ್ ಬರಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ದಪ್ಪದ ಎರಡರಷ್ಟು ಜಾಗ ಇರಬೇಕು. ಅಳತೆಗೆ ಪುಟ್ಟ ಗೇಜ್ ಇದೆ.

ಗಟ್ಟಿ ಹಿಡಿದವಳು ನಾನು. ನನ್ನ ಮೊದಲ ರಿವೆಟ್ ಒಂದು ಕಡೆ ವಾಲಿತು. ಚಿಕ್ಕಪ್ಪ ಕನ್ನಡಕ ಮೇಲೇರಿಸಿ ನೋಡಿ, "ವಾಲಿದೆ, ತೆಗಿಯಮ್ಮ" ಅಂದರು.

"ಒಳಗಿನ ಕಡೆ ತಾನೇ ಚಿಕ್ಕಪ್ಪ, ಯಾರಿಗೆ ಕಾಣತ್ತೆ?"

"ನಿಂಗೆ ಕಂಡಿದೆಯಲ್ಲ, ಸಾಕು."

ತೆಗೆಯುವುದು ಹೊಡೆಯುವುದಕ್ಕಿಂತ ಕಷ್ಟ. ತಲೆಯ ನಡುವೆ ಗುರುತು ಹೊಡೆದು, ತಲೆಯ ಆಳದಷ್ಟೇ ಕೊರೆದು, ತಲೆಯನ್ನು ಮುರಿದು, ಹಿಂದಿನಿಂದ ತಗಡಿಗೆ ಆಸರೆ ಕೊಟ್ಟು ಉಳಿದ ಮೈಯನ್ನು ಹೊರಗೆ ತಟ್ಟಬೇಕು. ಡ್ರಿಲ್ ಕೂದಲೆಳೆಯಷ್ಟು ಜಾರಿದರೂ ತೂತು ದೊಡ್ಡದಾಗಿ, ಮುಂದಿನ ಅಳತೆಯ ರಿವೆಟ್ ಹಾಕಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ರಿವೆಟ್ ಸ್ವಲ್ಪ ಹೆಚ್ಚು ಚಪ್ಪಟೆಯಾಯಿತು. ನಾನು ಕೇಳದೆಯೇ ಡ್ರಿಲ್ ಎತ್ತಿಕೊಂಡೆ. ಚಿಕ್ಕಪ್ಪ ಕೈ ಹಿಡಿದರು. "ಇದನ್ನ ಬಿಡು. ತೆಗೆಯೋಕೆ ಹೋದ್ರೆ ಇದಕ್ಕಿಂತ ಹಾಳಾಗತ್ತೆ."

ಒಂದನ್ನು ತೆಗಿ ಅಂದವರು ಇನ್ನೊಂದನ್ನು ಬಿಡು ಅಂದರು. ಗೇಜಿನಲ್ಲಿ ಎರಡೂ ಅಳತೆ ತಪ್ಪಿದ್ದವು. ವ್ಯತ್ಯಾಸ ಎಲ್ಲಿದೆ ಎಂದು ಕೇಳಿದ್ದಕ್ಕೆ ಅವರು ಅರ್ಧ ಗಂಟೆ ಹೇಳಿದರು: ಆ ಜಾಗದಲ್ಲಿ ಎಳೆತ ಯಾವ ದಿಕ್ಕಿಗೆ ಬೀಳುತ್ತದೆ, ಪಕ್ಕದ ರಿವೆಟ್‌ಗಳು ಹೇಗಿವೆ, ತಗಡು ಎಷ್ಟು ತೆಳು, ಡ್ರಿಲ್ ಹಿಡಿದವರ ಕೈ ಎಷ್ಟು ಪಳಗಿದೆ. ಕೈಪಿಡಿಯೂ ಕೆಟ್ಟದಾಗಿ ತೆಗೆಯುವುದಕ್ಕಿಂತ ಬಿಡುವುದು ಮೇಲು ಎನ್ನುತ್ತದೆ; ಯಾವುದನ್ನು ಎಂದು ಹೇಳಬೇಕಾದವರು ಕೆಲಸ ಬಲ್ಲವರು. ನಿಯಮ ಗೊತ್ತಿರುವುದು, ನಿಯಮದ ಕಾರಣ ಗೊತ್ತಿರುವುದು, ಅದನ್ನು ಎಲ್ಲಿ ಸಡಿಲಿಸಬಹುದೆಂದು ಗೊತ್ತಿರುವುದು. ಇದೇ ವಿವೇಚನೆಯನ್ನು ಒಬ್ಬ ವಿಮರ್ಶಕ ತೋರಿದರೆ ಪಾಂಡಿತ್ಯ ಎನ್ನುತ್ತೇವೆ. ಚಿಕ್ಕಪ್ಪ ತೋರಿದರೆ 'ಅನುಭವ' ಎಂದು ಬದಿಗಿಡುತ್ತೇವೆ.

ಈ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ವಿಮಾನಗಳ ಚರಿತ್ರೆಯಲ್ಲಿ ಸಾಕ್ಷಿ ಇದೆ. 1978ರಲ್ಲಿ ಜಪಾನ್ ಏರ್‌ಲೈನ್ಸಿನ ಒಂದು ಬೋಯಿಂಗ್ 747 ಇಳಿಯುವಾಗ ಬಾಲ ನೆಲಕ್ಕೆ ತಾಗಿತು. ಬಾಲದೊಳಗೆ ಗಾಳಿಯ ಒತ್ತಡ ತಡೆಯುವ ಗೋಡೆಯನ್ನು ರಿಪೇರಿ ಮಾಡಿದರು. ಅಲ್ಲಿ ಒಂದೇ ತುಂಡು ತಗಡು ಹಾಕಬೇಕಿದ್ದ ಕಡೆ ಎರಡು ತುಂಡು ಹಾಕಿದರು. ಹೊರಗಿನಿಂದ ರಿವೆಟ್ ಸಾಲುಗಳೆಲ್ಲ ಸರಿಯಾಗಿ ಕಾಣುತ್ತಿದ್ದವು. ಆದರೆ ಎರಡು ಸಾಲು ಹೊರಬೇಕಿದ್ದ ಭಾರವನ್ನು ಹೊರುತ್ತಿದ್ದದ್ದು ಒಂದೇ ಸಾಲು. ಏಳು ವರ್ಷ ಅದು ಹಾರಿತು. 1985ರ ಆಗಸ್ಟ್ 12ರಂದು ಆ ಗೋಡೆ ಹರಿಯಿತು. ವಿಮಾನದಲ್ಲಿದ್ದ 524 ಜನರಲ್ಲಿ 520 ಜನ ಸತ್ತರು.

ಮನೆಯಲ್ಲಿ ಕಟ್ಟುವವರ ಲೋಕಕ್ಕೂ 2023ರಲ್ಲಿ ತನ್ನದೇ ಪಾಠ ಸಿಕ್ಕಿತು. ವ್ಯಾನ್ಸ್ ಕಂಪನಿ ರಿವೆಟ್ ತೂತುಗಳನ್ನು ಎಂದಿನಂತೆ ಒತ್ತಿ ಕತ್ತರಿಸುವ ಬದಲು ಕೆಲವು ಭಾಗಗಳಲ್ಲಿ ಲೇಸರ್‌ನಿಂದ ಕತ್ತರಿಸಿತ್ತು. ರಿವೆಟ್ ತಲೆ ಮಟ್ಟಸವಾಗಿ ಕೂರಲೆಂದು ತೂತಿನ ಸುತ್ತ ತಗಡನ್ನು ತಗ್ಗು ಮಾಡುವಾಗ ಅಂಥ ತೂತುಗಳಲ್ಲಿ ಬಿರುಕು ಕಾಣಿಸಿಕೊಂಡವು. ನೋಡಿದ್ದು, ತಗಡು ಕೈಯಲ್ಲಿ ಹಿಡಿದಿದ್ದ ಕಟ್ಟುವವರು. ಅವರು ಫೋಟೊ ತೆಗೆದರು, ದಾಖಲಿಸಿದರು, ಕೇಳಿದರು. ಕಂಪನಿ ಪರೀಕ್ಷೆ ನಡೆಸಿ ಭಾಗಗಳನ್ನು ಬದಲಿಸಿಕೊಡಬೇಕಾಯಿತು; ಆ ವರ್ಷದ ಡಿಸೆಂಬರಿನಲ್ಲಿ ದಿವಾಳಿ ಕಾನೂನಿನ ರಕ್ಷಣೆಯನ್ನೂ ಕೋರಿತು. ಸಂಜೆ ಹೊತ್ತು ಗ್ಯಾರೇಜಿನಲ್ಲಿ ಕೂತ ಹವ್ಯಾಸಿಗಳು ಇದನ್ನು ಹಿಡಿದರು. ಇದು ಜ್ಞಾನವಲ್ಲದಿದ್ದರೆ ಯಾವುದು?

ನನಗೆ ಎರಡು ಆಕ್ಷೇಪ ಕೇಳಿಬರುತ್ತವೆ. ಇದು ದುಡ್ಡಿದ್ದವರ ಹವ್ಯಾಸ ಎಂಬುದು ಮೊದಲನೆಯದು. ನಿಜ. ಎಂಜಿನ್ ಒಂದರ ಬೆಲೆಯೇ ನಮ್ಮ ಮಧ್ಯಮ ವರ್ಗದ ಕೈಗೆ ಎಟುಕದು. ಆದರೆ ನಾನು ಎಲ್ಲರೂ ವಿಮಾನ ಕೊಳ್ಳಲಿ ಅನ್ನುತ್ತಿಲ್ಲ. ಎರಡು ತಗಡು, ಒಂದು ಹಿಡಿ ರಿವೆಟ್, ಕಲಿಸಲು ಒಬ್ಬ ನಿವೃತ್ತ ಕಾರ್ಮಿಕ: ಇಷ್ಟು ಯಾವ ಪಾಲಿಟೆಕ್ನಿಕ್‌ಗೂ ಭಾರವಲ್ಲ. ಇದು ಅಪಾಯ ಎಂಬುದು ಎರಡನೆಯದು. ಅದೂ ನಿಜ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂಥ ವಿಮಾನಗಳ ಅಪಘಾತದ ಪಾಲು ಅವುಗಳ ಸಂಖ್ಯೆಯ ಪಾಲಿಗಿಂತ ಹೆಚ್ಚು. ಎಂಜಿನ್ ಕೈಕೊಡುವುದು, ಹಾರಿಸುವವರ ಹತೋಟಿ ತಪ್ಪುವುದು ಮುಖ್ಯ ಕಾರಣಗಳು. ಅದನ್ನು ಮುಚ್ಚಿಡದೆ ಎಣಿಸಿ, ಕಾರಣ ಹುಡುಕಿ, ಪ್ರಕಟಿಸಿದ್ದಾರೆ ಎಂಬುದನ್ನೂ ಗಮನಿಸಿ.

ನಮ್ಮಲ್ಲಿ ವಿಮಾನದ ಬಗ್ಗೆ ಮಾತಿಗೆ ಎಂದೂ ಕೊರತೆಯಾಗಿಲ್ಲ. ವೈಮಾನಿಕ ಶಾಸ್ತ್ರ ಎಂಬ ಪುಸ್ತಕ ಇದೇ ನಾಡಿನದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು, 1973ರಲ್ಲಿ ಮೈಸೂರಿನಿಂದ ಇಂಗ್ಲಿಷಿನಲ್ಲಿ ಬಂದದ್ದು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ತಾಳ್ಮೆಯಿಂದ ಓದಿ, ಅದರಲ್ಲಿನ ವಿಮಾನಗಳು ಹಾರಲಾರವು, ಪಠ್ಯ 1904ಕ್ಕಿಂತ ಹಳೆಯದಲ್ಲ ಎಂದು ತೋರಿಸಿದರು. ಆದರೂ 2015ರ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳು ಮತ್ತೆ ಹಾರಿದವು. ಮಾತಿನ ವಿಮಾನಕ್ಕೆ ರಿವೆಟ್ ಬೇಕಿಲ್ಲ, ಅದನ್ನು ಯಾರೂ ಗೇಜ್ ಇಟ್ಟು ನೋಡುವುದಿಲ್ಲ.

ಇದನ್ನು ನೋಡಿ ನಗುವ ಪ್ರಗತಿಪರರಾದ ನಾವು ಇನ್ನೊಂದು ಪುರಾಣ ಸಾಕಿಕೊಂಡಿದ್ದೇವೆ. ಅದರ ಹೆಸರು ಜುಗಾಡ್. 'ಗುಜರಿ ಸಾಮಾನಿನಿಂದ ವಿಮಾನ ಮಾಡಿದ ಹಳ್ಳಿ ಹೈದ' ಎಂಬ ಸುದ್ದಿ ಓದಿ ಕಣ್ಣು ತುಂಬಿಕೊಳ್ಳುತ್ತೇವೆ. ಅದು ಹಾರಿತೇ, ಯಾರು ಪರೀಕ್ಷಿಸಿದರು, ತಗಡು ಯಾವುದು ಎಂದು ಕೇಳುವುದಿಲ್ಲ. ಕೇಳುವುದೇ ಅವನಿಗೆ ಕೊಡುವ ಗೌರವ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯಲ್ಲಿ ವರ್ಷಗಟ್ಟಲೆ ಕೂತು ಆರು ಸೀಟಿನ ವಿಮಾನ ಕಟ್ಟಿ, 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೆ ತಂದರು. ನೋಂದಣಿ ಸಿಕ್ಕಿದ್ದು 2017ರಲ್ಲಿ. ಪತ್ರಿಕೆಗಳು ಅವರ ಛಲವನ್ನು ಬಣ್ಣಿಸಿದಷ್ಟು ಅವರ ಕೆಲಸವನ್ನು ವಿವರಿಸಲಿಲ್ಲ. ಛಲ ಕತೆಯಾಗುತ್ತದೆ, ತೂತಿನ ಅಳತೆ ಆಗುವುದಿಲ್ಲ.

ಹೀಗಲ್ಲದ ಒಂದು ದಾರಿಯೂ ನಮ್ಮ ಊರಿನಲ್ಲೇ ಇತ್ತು. ಬರ್ಟ್ ರುಟಾನ್ ಅಮೆರಿಕದ ಹವ್ಯಾಸಿಗಳಿಗೆಂದೇ ರೂಪಿಸಿದ ಲಾಂಗ್-ಈಝಿ ವಿಮಾನವನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ 1980ರ ದಶಕದಲ್ಲಿ ಒಂದು ಪುಟ್ಟ ಸಂಶೋಧನಾ ವಿಮಾನ ಕಟ್ಟಿತು. ಅದು ಫೈಬರ್‌ಗ್ಲಾಸಿನದು, ರಿವೆಟ್ಟಿನದಲ್ಲ. ಆದರೆ ಗ್ಯಾರೇಜಿನವರ ತಿಳಿವಳಿಕೆಯಿಂದ ಕಲಿಯಲು ಆ ವಿಜ್ಞಾನಿಗಳಿಗೆ ನಾಚಿಕೆಯಾಗಲಿಲ್ಲ. ಎರಡು ಸೀಟಿನ ಹಂಸ ಹಾರಿದ್ದು ಅದರ ನಂತರ, 1993ರಲ್ಲಿ.

ಈ ಲೇಖನ ಬರೆಯುವಾಗ 'ಸಂಶೋಧನೆಯೂ ರಿವೆಟ್ ಹೊಡೆದಂತೆ' ಎಂಬ ಸಾಲು ನನ್ನ ಕೈಯಲ್ಲೂ ಬಂತು. ಅಳಿಸಿದೆ. ಅದು ಹಾಗಲ್ಲ. ನನ್ನ ಪ್ರಕಟಿತ ಲೇಖನವೊಂದರಲ್ಲಿ ತಪ್ಪಿದೆ ಎಂದು ನನಗೆ ಗೊತ್ತು. ಅದರಿಂದ ಯಾರ ರೆಕ್ಕೆಯೂ ಕಳಚುವುದಿಲ್ಲ, ನಾನು ಅದನ್ನು ಇನ್ನೂ ತೆಗೆದಿಲ್ಲ. ಕಟ್ಟುವವರ ದಿನಚರಿಯಲ್ಲಿ ತಾರೀಖು, ಗಂಟೆ, ಭಾಗದ ಸಂಖ್ಯೆ, ಮಾಡಿದ ತಪ್ಪು, ತಿದ್ದಿದ ಬಗೆ ಇರುತ್ತವೆ. ನಮ್ಮ ಯಾವ ಪ್ರಬಂಧದಲ್ಲಿ ಅಂಥ ಪುಟ ಇದೆ?

ಅಧ್ಯಾಯವನ್ನು ಮತ್ತೆ ಬರೆದಿದ್ದೇನೆ. ಮೊದಲ ಆಕರ ಚಿಕ್ಕಪ್ಪ. ಮುಂದಿನ ಸಲ ಸಮಿತಿಗೆ ಹೋಗುವಾಗ ಆ ಎರಡು ತಗಡನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಅದರಲ್ಲಿ ನಲವತ್ತು ರಿವೆಟ್ ಇವೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು, ಯಾಕೆ ಎಂದು ಕೇಳುತ್ತೇನೆ. ಹೇಳಿದರೆ ಸಂತೋಷ. ಹೇಳಲು ಬಾರದಿದ್ದರೆ, ಜ್ಞಾನ ಎಲ್ಲಿದೆಯಮ್ಮಾ ಎಂದು ಕೇಳಿದ್ದಕ್ಕೆ ಉತ್ತರ ಮೇಜಿನ ಮೇಲೇ ಇರುತ್ತದೆ.